ತಪಾಸಣೆಗೆ ಮೊದಲೇ ಹತ್ತಿದ ಒಲೆ

ಉರುಗ್ವೆಯಲ್ಲಿ ನನ್ನಷ್ಟು ಚೆನ್ನಾಗಿ ಮಾಂಸ ಸುಡುವವನು ಇನ್ನೊಬ್ಬ ಹುಟ್ಟಿಲ್ಲ. ಹುಟ್ಟಿದ್ದರೆ ನಾಚಿ ಬ್ರೆಜಿಲ್‌ಗೆ ಓಡಿಹೋಗಿರುತ್ತಾನೆ. ಆದರೂ ಮೂವತ್ತು ವರ್ಷ ಪ್ರತಿ ಭಾನುವಾರ ಭಾವಮೈದ ರೂಬೆನ್‌ನ ಹಿತ್ತಲಲ್ಲಿ, ಅವನು ಸುಟ್ಟ ಚಪ್ಪಲಿಯಂಥ ಮಾಂಸ ಅಗಿದು, ಕೊನೆಗೆ ನಮ್ಮಲ್ಲಿನ ರೂಢಿಯಂತೆ ಸುಟ್ಟವನಿಗೆ ಚಪ್ಪಾಳೆ ತಟ್ಟಿ ಅಂಗೈ ಸವೆಸಿದ್ದೇನೆ. ಆ ಚಪ್ಪಾಳೆ ನಾನು ಸಾಯುವುದರೊಳಗೆ ಒಮ್ಮೆ ನನ್ನ ಹಿತ್ತಲಲ್ಲಿ, ನನಗೆ ಬೀಳಬೇಕಿತ್ತು.

ಅದಕ್ಕೇ ಹಿತ್ತಲಲ್ಲಿ ಬಯಲು ಅಡುಗೆಮನೆ ಕಟ್ಟಲು ಪುರಸಭೆಗೆ ಅರ್ಜಿ ಹಾಕಿದೆ. ನಕ್ಷೆ ಎಂದರು, ಕೊಟ್ಟೆ. ಪಕ್ಕದ ಮನೆಯ ಗೋಡೆಗೆ ಒಲೆ ತಾಗಬಾರದು ಎಂದರು, ಸರಿಸಿದೆ. ಪಕ್ಕದವರ ಸಹಿ ಎಂದರು. ಪಕ್ಕದ ಮನೆಯಾಕೆ ಸಹಿ ಹಾಕುವ ಹೊತ್ತಿಗೆ ನಕ್ಷೆಯ ಅವಧಿ ತೀರಿತ್ತು. ಸಾಲಿನಲ್ಲಿ ನಿಂತು ನಿಂತು ನನ್ನ ಟೋಪಿಯಲ್ಲಿ ಪಾರಿವಾಳ ಎರಡು ಸಲ ಮರಿ ಮಾಡಿತು. ಎರಡು ವರ್ಷದ ಮೇಲೆ ಅನುಮತಿ ಬಂತು, ಷರತ್ತಿನೊಂದಿಗೆ: ಅಂತಿಮ ತಪಾಸಣೆಗೆ ಮೊದಲು ಒಲೆ ಹೊತ್ತಿಸಕೂಡದು, ಹೊತ್ತಿಸಿದರೆ ಒಲೆಗೆ ಬೀಗಮುದ್ರೆ, ಮತ್ತೆ ಮೊದಲಿನಿಂದ ಅರ್ಜಿ.

ಅಡುಗೆಮನೆಗೆ ಮಾಡು ಹೊದಿಸಿ ಮುಗಿದ ಶುಕ್ರವಾರ ಬೆಳಿಗ್ಗೆ ಮೇಸ್ತ್ರಿ ಬೌದಿಲಿಯೊ ಕರಣೆ ತೊಳೆದು ಅಲ್ಲೇ ಕುಳಿತ.

"ಮನೆಗೆ ಹೋಗಲ್ವೇನೋ?" ಎಂದೆ.

"ಮಾಡು ಮುಗೀತಲ್ಲ ಯಜಮಾನ್ರೇ, ನಮ್ಮೂಟ ಎಲ್ಲಿ? ಕೆಲ್ಸದವ್ರಿಗೆ ಮಾಂಸ ಸುಟ್ಟು ಹಾಕ್ದೆ ನಿಂತಿರೋ ಮಾಡು ಒಂದಾದ್ರೂ ತೋರ್ಸಿ ನೋಡೋಣ!"

"ತಪಾಸಣೆ ಆಗ್ಬೇಕು ಕಣಯ್ಯ."

"ಓಹೋ, ಸುಡೋಕೇ ಬರಲ್ಲ ಅನ್ನಿ. ರೂಬೆನ್ ಹೇಳಿದ್ದು ಸುಳ್ಳಲ್ಲ."

ಕಿಟಕಿಯಿಂದ ಹೆಂಡತಿ ನೆಲಿದಾ, "ಬೇಡ ರೀ. ಇನ್ನೊಂದ್ ಅರ್ಜಿ ಬರೆಯೋ ಶಕ್ತಿ ನಂಗಿಲ್ಲ" ಎಂದಳು. ಅಷ್ಟೂ ಅರ್ಜಿ ಬರೆದವಳು ಅವಳೇ. ಆದರೆ ನಾನಾಗಲೇ ಮಾಂಸದಂಗಡಿಯ ಅರ್ಧ ದಾರಿಯಲ್ಲಿದ್ದೆ.

ಎರಡು ಗಂಟೆ ಹೊತ್ತು ದನದ ಪಕ್ಕೆಲುಬು ಕೆಂಡದ ಮೇಲಿತ್ತು. ಆ ಘಮಕ್ಕೆ ಸ್ಮಶಾನದವರೂ ಎದ್ದು ಕೂತಿರಬೇಕು. ಬಂದವರು ಮಾತ್ರ ತಪಾಸಣೆಯ ಇಫ್ರಾನ್ ಸಾಹೇಬರು. ಮಂಗಳವಾರ ಬರಬೇಕಾದವರು, ಈ ಬೀದಿಯಲ್ಲಿ ಬೇರೆ ಕೆಲಸವಿತ್ತಂತೆ. ಹೊಗೆ ನೋಡಿದರು, ನನ್ನನ್ನು ನೋಡಿದರು.

"ಎವರಿಸ್ತೊ ಅವರೇ, ಆರಿಸಿ."

"ಇನ್ನರ್ಧ ಗಂಟೆ ಸಾಹೇಬ್ರೇ. ಈಗ ಆರಿಸಿದ್ರೆ ಮಾಂಸ ಹಾಳು."

ಅವರು ಒಲೆಗೆ ಬಗ್ಗಿ ನೋಡಿದರು. ಅವರೂ ನಮ್ಮೂರಿನವರೇ ತಾನೇ. "ಮಾಂಸ ಹಾಳ್ಮಾಡಿ ಅಂತ ಯಾವ ಕಾನೂನಲ್ಲೂ ಇಲ್ಲ," ಎಂದು ನಿಟ್ಟುಸಿರಿಟ್ಟು ಕುಳಿತರು. "ಬೆಂದ್ಮೇಲೆ ಮುದ್ರೆ ಹಾಕ್ತೀನಿ."

ಬೆಂದಿತು. ಎಲ್ಲರೂ ತಿಂದರು, ಎಲುಬನ್ನೂ ಚೀಪಿದರು. ಬೌದಿಲಿಯೊ ಎದ್ದು, "ಸುಟ್ಟವ್ರಿಗೊಂದ್ ಚಪ್ಪಾಳೆ!" ಎಂದ. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಇಫ್ರಾನ್. ನೆಲಿದಾ ತಟ್ಟಲಿಲ್ಲ. ಆಮೇಲೆ ಇಫ್ರಾನ್ ಕೈ ಒರೆಸಿಕೊಂಡು ಒಲೆಯ ಬಾಯಿಗೆ ಮುದ್ರೆಯ ಪಟ್ಟಿ ಅಂಟಿಸಿದರು. ಜಿಡ್ಡಿನ ಬೆರಳಿಗೆ ಎರಡು ಸಲ ಕಿತ್ತುಬಂತು. ಮೂರನೆಯ ಸಲ ಇನ್ನೊಂದು ತುದಿಯನ್ನು ನಾನೇ ಒತ್ತಿ ಹಿಡಿದೆ.

"ಸೋಮವಾರ ಪುರಸಭೆಗೆ ಬೇಗ ಬನ್ನಿ, ಸಾಲು ಕಮ್ಮಿ ಇರುತ್ತೆ" ಎಂದು ಹೋದರು.

ನೆಲಿದಾ ತಟ್ಟೆಗಳನ್ನು ಎತ್ತಿ, ಖಾಲಿ ಅರ್ಜಿಯನ್ನೂ ಪೆನ್ನನ್ನೂ ನನ್ನ ಮುಂದಿಟ್ಟಳು. "ಈ ಸಲ ನೀವೇ ಬರೀರಿ," ಎಂದು ಒಳಗೆ ಹೋಗಿ ಮಲಗಿಬಿಟ್ಟಳು.

ಹೆಸರು ಬರೆದೆ. ವಿಳಾಸ ಬರೆದೆ. 'ಕಟ್ಟಡದ ಉದ್ದೇಶ' ಎಂಬಲ್ಲಿ ಪೆನ್ನು ನಿಂತಿತು. ಉದ್ದೇಶ ಆಗಲೇ ಈಡೇರಿತ್ತು. ಆದರೂ ಆ ಜಾಗದಲ್ಲಿ ಏನಾದರೂ ಬರೆಯಲೇಬೇಕಿತ್ತು.