ಮೂಗೆದ್ದರೆ ಬಾಲ ಏನು ಮಾಡಬೇಕು

“ಮೇಡಂ, ನಿಮ್ಮ ಲೆಕ್ಕ ಬೋರ್ಡಿನ ಮೇಲೆ ಚೆನ್ನಾಗೇ ಹಾರುತ್ತೆ. ನಾನು ಕೂರೋದು ಬೋರ್ಡಿನ ಮೇಲಲ್ಲ ನೋಡಿ,” ಎಂದು ಪೈಲಟ್ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡ.

“ಬೋರ್ಡಿನ ಮುಂದೆ ಸರಿಯಾಗಿ ಕೂತಿದ್ರೆ ಅವತ್ತೇ ಪಾಸಾಗ್ತಿದ್ದೆ,” ಎಂದರು ಪ್ರೊಫೆಸರ್.

ವಿಮಾನದ ಶೆಡ್ಡಿನಲ್ಲಿದ್ದವರೆಲ್ಲ ನಕ್ಕರು. ಒಂದು ಕಾಲಕ್ಕೆ ಈ ಮೇಡಂ ತರಗತಿಯಲ್ಲೇ ಡುಮ್ಕಿ ಹೊಡೆದ ಹುಡುಗ ಈಗ ಪರೀಕ್ಷಾ ಪೈಲಟ್. ಅವನ ಮೀಸೆಯೂ ನರೆತಿತ್ತು. ಪ್ರೊಫೆಸರೂ ನಕ್ಕರು.

ವಿಮಾನದ ಬಾಲದಲ್ಲಿ ಮೂಗನ್ನು ಏರಿಸಿ ಇಳಿಸುವ ಹಲಗೆಗಳಿರುತ್ತವೆ, ಎಡಕ್ಕೊಂದು, ಬಲಕ್ಕೊಂದು. ಹಾರುವಾಗ ಒಂದು ಸಿಕ್ಕಿಕೊಂಡರೆ ಪೈಲಟ್ ಗಾಬರಿಯಿಂದ ಚಾಲನೆಯ ಕೋಲನ್ನು ಎಳೆಯುತ್ತಾನೆ, ವಿಮಾನ ತಡವಾಗಿ ಓಗೊಡುತ್ತದೆ, ಅಷ್ಟರಲ್ಲಿ ಅವನು ತಳ್ಳಿರುತ್ತಾನೆ. ಉಯ್ಯಾಲೆಯಂತೆ ತೂಗಾಟ ಹೆಚ್ಚುತ್ತಲೇ ಹೋಗುತ್ತದೆ. ಆಗ ಮನುಷ್ಯ ಸುಮ್ಮನಿರಬೇಕು, ಬಾಲ ರೆಕ್ಕೆಗಳಲ್ಲಿ ಉಳಿದ ಹಲಗೆಗಳಿಂದ ವಿಮಾನ ತನ್ನನ್ನು ತಾನೇ ಸಂಭಾಳಿಸಿಕೊಳ್ಳಬೇಕು. ಇದು ತಲೆಗೂದಲು ಕಪ್ಪಗಿದ್ದಾಗಿನಿಂದ ಪ್ರೊಫೆಸರ್ ಹಿಡಿದ ಪಟ್ಟು. ಪ್ರಬಂಧಗಳು ರಾಶಿ ಬಿದ್ದವು, ಶಿಷ್ಯರು ಊರೂರು ತುಂಬಿದರು. ಅಮ್ಮ ಮಾತ್ರ ಫೋನ್ ಮಾಡಿದಾಗೆಲ್ಲ “ನಿಂದು ಹಾರಿತೇನೇ?” ಎಂದೇ ಕೇಳುತ್ತಿದ್ದರು. ಈ ತಿಂಗಳು ಕಳೆದರೆ ನಿವೃತ್ತಿ; ವಿಮಾನವೂ ಬೇರೆಯವರ ಕೆಲಸಕ್ಕೆ ಹೋಗುತ್ತದೆ. ಇವತ್ತು ಹಾರದಿದ್ದರೆ ಆ ಲೆಕ್ಕ ಕಾಗದದ ಮೇಲೇ ಮುದಿಯಾಗಬೇಕು.

“ದೊಡ್ಡಪ್ಪ, ಬಾಲ ಒತ್ತಿ,” ಎಂದರು.

ಎಲ್ಲರ ಬಾಯಲ್ಲೂ ದೊಡ್ಡಪ್ಪನೇ ಆಗಿದ್ದ ಹಿರಿಯ ಮೆಕ್ಯಾನಿಕ್ ಬಾಲದ ಮೇಲೆ ಭಾರ ಬಿಟ್ಟ. ಮೂಗು ಎದ್ದಿತು. ಹಾರಾಟಕ್ಕೆ ಮುಂಚೆ ಈ ಪರೀಕ್ಷೆಯನ್ನು ಪ್ರೊಫೆಸರ್ ಯಾರು ಏನೆಂದರೂ ಬಿಟ್ಟವರಲ್ಲ: ಮೂಗೆದ್ದರೆ ಅದನ್ನು ಇಳಿಸಲು ಹಲಗೆಗಳು ತಾವಾಗಿ ಕೆಳಕ್ಕೆ ಬಾಗಬೇಕು.

ಹಲಗೆಗಳು ಮೇಲಕ್ಕೆ ಬಾಗಿದವು.

ಗಾಳಿಯಲ್ಲಾಗಿದ್ದರೆ ಎದ್ದ ಮೂಗು ಇನ್ನೂ ಎದ್ದು ವಿಮಾನ ಮಗುಚುತ್ತಿತ್ತು.

“ಓಲಾಟ ಅಳೆಯೋ ಸೆನ್ಸರ್ ತಲೆಕೆಳಗಾಗಿ ಕೂತಿತ್ತಲ್ಲ,” ಎಂದರು ಪ್ರೊಫೆಸರ್ ನಿಧಾನವಾಗಿ. “ನಿಮಗ್ಯಾಕೆ ತೊಂದರೆ ಅಂತ ನಾನೇ ಪ್ರೋಗ್ರಾಮಲ್ಲಿ ಒಂದು ಮೈನಸ್ ಹಾಕಿಬಿಟ್ಟೆ.”

ದೊಡ್ಡಪ್ಪ ತಲೆ ಕೆರೆದುಕೊಂಡ. “ನಿಮಗ್ಯಾಕೆ ತೊಂದರೆ ಅಂತ ನಾನೂ ನಿನ್ನೆ ಅದನ್ನ ಬಿಚ್ಚಿ ನೆಟ್ಟಗೆ ಕೂರಿಸಿಬಿಟ್ಟೆ, ತಾಯಿ.”

“ಚೆನ್ನಾಗಿದೆ,” ಎಂದ ಪೈಲಟ್. “ನಿಮ್ಮಿಬ್ಬರ ಉಪಚಾರದಲ್ಲಿ ನನ್ನ ಕಥೆ ಮುಗೀತಿತ್ತು.”

ಮೈನಸ್ ಅಳಿಸಿ ಮತ್ತೆ ಬಾಲ ಒತ್ತಿದರು. ಹಲಗೆಗಳು ಕೆಳಕ್ಕೆ ಬಾಗಿದವು. ರೆಕ್ಕೆಗಳನ್ನೂ ಎಡಕ್ಕೆ, ಬಲಕ್ಕೆ ವಾಲಿಸಿ ನೋಡಿದ್ದಾಯಿತು.

“ಮನಸ್ಸು ಒಪ್ಪದಿದ್ರೆ ಇವತ್ತು ಬೇಡಪ್ಪ. ನಾನೇನೂ ಅಂದ್ಕೊಳ್ಳಲ್ಲ.” ಅಷ್ಟು ಹೇಳುವಷ್ಟರಲ್ಲಿ ಪ್ರೊಫೆಸರ್‌ಗೆ ಸಾಕುಸಾಕಾಯಿತು.

“ತಪ್ಪನ್ನ ನೆಲದ ಮೇಲೇ ಹಿಡಿಯೋರ ವಿಮಾನ ಹತ್ತದೆ ಇನ್ಯಾರದ್ದು ಹತ್ತಲಿ?” ಎಂದು ಅವನು ಏಣಿಗೆ ಕಾಲಿಟ್ಟ.

ವಿಮಾನ ಮೇಲೇರಿದ ಸ್ವಲ್ಪ ಹೊತ್ತಿಗೆ ರೇಡಿಯೋ ಗೊರಗೊರ ಎಂದಿತು. “ಸ್ವಿಚ್ ಒತ್ತಿ ಎಡಗಡೆ ಹಲಗೇನ ಬಿಗಿದಿದ್ದೀನಿ.”

ದೂರದಲ್ಲಿ ಗುಬ್ಬಿಯಷ್ಟಾಗಿದ್ದ ವಿಮಾನ ಮೂಗು ತಗ್ಗಿಸಿ ಪಕ್ಕಕ್ಕೆ ವಾಲಿತು. ನೆಲದ ಮೇಲೆ ನಿಂತ ಪ್ರೊಫೆಸರರ ಕೈಗಳು, ಅಲ್ಲಿ ಇಲ್ಲದೇ ಇದ್ದ ಕೋಲನ್ನು ಎಳೆಯುತ್ತಿದ್ದವು.

“ಕೋಲು ಬಿಡು. ಬಿಡೋ.”

“ಬಿಟ್ಟೆ.”

ವಿಮಾನ ಒಮ್ಮೆ ತೂಗಿತು. ಇನ್ನೊಮ್ಮೆ ತೂಗಿತು, ಮೊದಲಿಗಿಂತ ಕಡಿಮೆ. ಆಮೇಲೆ ಗೆರೆ ಎಳೆದ ಹಾಗೆ ನೆಟ್ಟಗೆ ಸಾಗಿತು.

“ಎರಡೂ ಕೈ ತೊಡೆ ಮೇಲಿವೆ, ಮೇಡಂ. ಇದು ನನಗಿಂತ ಚೆನ್ನಾಗಿ ಹಾರ್ತಿದೆ.”

“ಅದು ಪಾಸಾಗಿದೆಯಪ್ಪ,” ಎಂದರು ಪ್ರೊಫೆಸರ್. ದೊಡ್ಡಪ್ಪ ಟೊಪ್ಪಿಯನ್ನು ಮೇಲಕ್ಕೆ ತೂರಿ, ಅದು ಎಲ್ಲಿ ಬಿತ್ತೆಂದು ಕೂಡ ನೋಡಲಿಲ್ಲ. ಪ್ರೊಫೆಸರ್ ಕಣ್ಣು ಒರೆಸಿಕೊಳ್ಳದೆ, ಎವೆಯಿಕ್ಕದೆ ಆಕಾಶ ನೋಡುತ್ತಾ ನಿಂತರು.

ಎಡ ಹಲಗೆ ಬಿಗಿದುಕೊಂಡೇ ವಿಮಾನ ಮೆತ್ತಗೆ ನೆಲ ಮುಟ್ಟಿತು. ಇಳಿದು ಬಂದ ಪೈಲಟ್, ಪ್ರೊಫೆಸರರ ಎರಡೂ ಕೈ ಹಿಡಿದುಕೊಂಡ.

“ಎಡಗಡೇದು ಬಿಟ್ಟು ಬಲಗಡೇದನ್ನ ಬಿಗಿದು ನೋಡೋಣ್ವಾ? ಗಾಳಿ ಏಳೋಕೆ ಇನ್ನೂ ಹೊತ್ತಿದೆ.”

“ನೋಡೇಬಿಡೋಣ. ಎಣ್ಣೆ ತುಂಬ್ಸಿ.”

ದೊಡ್ಡಪ್ಪನೂ ಪೈಲಟ್ಟೂ ವಿಮಾನವನ್ನು ಎಣ್ಣೆಯ ಗಾಡಿಯತ್ತ ತಳ್ಳತೊಡಗಿದರು. ಪ್ರೊಫೆಸರ್ ಕನ್ನಡಕವನ್ನು ತಲೆಗೇರಿಸಿ, ರೆಕ್ಕೆಯ ಬುಡದ ಕಂಬಿಗೆ ಹೆಗಲು ಕೊಟ್ಟರು.