ಜೋಳಿಗೆಯೊಳಗಿನ ಇಸ್ಟೇನು

ಲಿಂಗಸುಗೂರಿನ ಪೊಲೀಸು ಜವಾನ ಸೂಗಪ್ಪನ ಕೈಯಿಂದ ದರೋಡೆಕೋರ ಕರಿಬಸಪ್ಪ ಒಮ್ಮೆ ಜಾರಿದ್ದ. ಇನ್ನೊಮ್ಮೆ ಜಾರಿದರೆ ಸೊಂಟದ ಪಟ್ಟಿ ಬಿಚ್ಚಿಟ್ಟು ಮನೆಗೆ ನಡಿ ಎಂದು ಠಾಣೆಯ ಅಮೀನಸಾಹೇಬರು ಗುಡುಗಿದ್ದರು. ಗುಡುಗಿದವರೇ ಒಂದು ಸ್ಟೆನ್ ಗನ್ನನ್ನೂ ಕೊಟ್ಟರು. ಹಿಂದಿನ ಹಿಡಿ ಬಿಚ್ಚಿದರೆ ಜೋಳಿಗೆಯಲ್ಲಿ ಕೂರುವಷ್ಟು ಪುಟ್ಟದು.

"ಒಮ್ಮೆ ಒತ್ತಿದ್ರ ಜ್ವಾಳ ಹುರದಂಗ ಸಿಡೀತೈತಿ. ಆದ್ರ ಯಾರ ಕಣ್ಣಿಗೂ ಬೀಳಬಾರದು ನೋಡಪ್ಪಾ" ಎಂದರು.

ಸ್ಟೆನ್ ಎನ್ನಲು ನಮ್ಮ ಕಡೆಯ ನಾಲಿಗೆ ಹೊರಳೀತೇ? ಇಸ್ಕೂಲು, ಇಸ್ಟೇಶನ್ನಿನ ಸಾಲಿಗೆ ಅದೂ ಸೇರಿ ಇಸ್ಟೇನು ಆಯಿತು. ಮುದಗಲ್ಲಿನಿಂದ ಮಸ್ಕಿಯವರೆಗೆ ಕಳ್ಳಕಾಕರು ಆ ಹೆಸರಿಗೇ ಬೆವರುತ್ತಿದ್ದರು.

ಕರಿಬಸಪ್ಪ ಸಂತೆಕಲ್ಲೂರಿಗೆ ಬರುತ್ತಾನೆಂಬ ಸುದ್ದಿ ಸಿಕ್ಕಿತು. ಸೂಗಪ್ಪ ಕಾವಿ ತೊಟ್ಟು, ವಿಭೂತಿ ಬಳಿದು, ಭಿಕ್ಷೆಯ ಅಯ್ಯನವರಾಗಿ ಅಲ್ಲಿಗೆ ಹೋದ. ವೇಷವೇನೋ ಚೆಂದವಿತ್ತು. ಆದರೆ ಅಯ್ಯನವರ ಜೋಳಿಗೆಗೆ ಹಿಟ್ಟು ಹಾಕದೆ ಕಳಿಸುವ ಊರೇ ಅದು? ಅವನು ಜೋಳಿಗೆಯ ಬಾಯನ್ನು ಎಷ್ಟೇ ಬಿಗಿಹಿಡಿದರೂ ತಾಯಂದಿರು ಸಂದಿಯಲ್ಲೇ ಜೋಳದ ಹಿಟ್ಟು ಸುರಿದರು.

ಕಸ್ತೂರೆಮ್ಮ ಎಂಬಾಕೆಯ ಬಾಗಿಲಿಗೆ ಬಂದಾಗ ಪಕ್ಕದ ಮನೆಯ ಕಟ್ಟೆಯ ಮೇಲೆ ಕರಿಬಸಪ್ಪ! ತೊಡೆಯ ಮೇಲೆ ನಾಡಬಂದೂಕು, ಕೈಯಲ್ಲಿ ರೊಟ್ಟಿ. ಸೂಗಪ್ಪ ಮೆಲ್ಲಗೆ ಜೋಳಿಗೆಗೆ ಕೈ ಹಾಕಿ ಇಸ್ಟೇನಿನ ಕುದುರೆ ಎಳೆದ. ಅದು ಅಲುಗಲಿಲ್ಲ. ಒಳಗೆಲ್ಲ ಹಿಟ್ಟು ಹೊಕ್ಕು ಇಸ್ಟೇನು ಬಿಗಿದುಕೊಂಡಿತ್ತು. ಅವನಿಗೆ ಅಳುವೇ ಬಂತು. ನೌಕರಿ ಹೋಯಿತು, ಜೀವವೂ ಹೋದೀತು ಎಂದುಕೊಂಡ.

ಅಷ್ಟರಲ್ಲಿ ಕಸ್ತೂರೆಮ್ಮ ಮೊರದ ತುಂಬ ಹಿಟ್ಟು ತಂದಳು. ಜೋಳಿಗೆಯೊಳಗೆ ಇಣುಕಿದಳು. ಮೇಲೆ ನಾಲ್ಕು ಹಿಡಿ ಹಿಟ್ಟಷ್ಟೇ ಕಂಡಿತು. ಓಣಿಯವರ ಜಿಪುಣತನಕ್ಕೆ ಅವಳ ಪಿತ್ತ ನೆತ್ತಿಗೇರಿತು. ಇಡೀ ಓಣಿಗೆ ಕೇಳುವಂತೆ ಕೂಗಿದಳು:

"ಅಯ್ಯ ಶಿವನ! ಅಯ್ಯನೋರ ಜೋಳಿಗ್ಯಾಗ ಇಷ್ಟೇನ್ರೀ!"

ಕರಿಬಸಪ್ಪನ ಕೈಯ ರೊಟ್ಟಿ ಬಿತ್ತು. ಬಂದೂಕು ಕಟ್ಟೆಯಿಂದ ಉರುಳಿತು. ಎರಡೂ ಕೈ ಮೇಲೆತ್ತಿ, "ಎಪ್ಪಾ, ಹೊಡಿಬ್ಯಾಡ್ರಿ! ಇಸ್ಟೇನ್ ಹೊರಗ ತೆಗೀಬ್ಯಾಡ್ರಿ!" ಎಂದು ಮೊಣಕಾಲೂರಿದ.

ಸೂಗಪ್ಪನಿಗೆ ಅರ್ಥವಾಗಲು ಗಳಿಗೆ ಹಿಡಿಯಿತು. ಆಮೇಲೆ ಉಸಿರು ಬಿಟ್ಟು, ಕರಿಬಸಪ್ಪನದೇ ರುಮಾಲಿನಿಂದ ಅವನ ಕೈ ಕಟ್ಟಿದ. ಕಸ್ತೂರೆಮ್ಮ ಬೆಪ್ಪಾಗಿ ನೋಡಿದಳು. "ಕೈ ಆಮ್ಯಾಲ ಕಟ್ಟೀರಂತ, ಮೊದ್ಲು ಹಿಟ್ಟು ಹಾಕಿಸ್ಕೋರಿ" ಎಂದು ಮೊರವನ್ನು ಜೋಳಿಗೆಗೆ ಬಗ್ಗಿಸಿಯೇ ಬಿಟ್ಟಳು.

ಠಾಣೆಯಲ್ಲಿ ಅಮೀನಸಾಹೇಬರು ಗನ್ನನ್ನು ತಲೆಕೆಳಗು ಮಾಡಿ ಕೊಡವಿದರು. ಮೇಜಿನ ಮೇಲೆ ಎರಡು ರೊಟ್ಟಿಗಾಗುವಷ್ಟು ಹಿಟ್ಟು ಬಿತ್ತು.

"ಗುಂಡು ಹಾರಿಸಲಿಲ್ಲ, ಬೆನ್ನಟ್ಟಲಿಲ್ಲ. ಒಬ್ಬ ಹೆಣ್ಮಗಳು ಒದರಿದಳು, ಕಳ್ಳ ಕೈ ಎತ್ತಿದ. ಇಷ್ಟೇನಲೇ?"

ಸೂಗಪ್ಪ ತನ್ನ ಸೊಂಟದ ಪಟ್ಟಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡು ಸಲಾಮು ಹೊಡೆದ.

"ಹೌದ್ರಿ ಸಾಹೇಬ್ರ, ಇಸ್ಟೇನ."