ಮಾದಾಪುರದಿಂದ ತಂದ ಬನ್ನಿ

ಅಣ್ಣ ಅಮರೇಶಪ್ಪ ನನ್ನ ಜೊತೆ ಮಾತು ಬಿಟ್ಟದ್ದು ಯುಗಾದಿಗೆ. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟು ನಮ್ಮ ಕೋಠಿ ಪೇಟೆಯ ಸೈಕಲ್ ಅಂಗಡಿ ಸೇರಿದೆನೆಂದು, ಗಿರಾಕಿಗಳ ಎದುರಿಗೇ ಕಪಾಳಕ್ಕೆ ಹೊಡೆದಿದ್ದ. ಹೊಡೆದವನು ಅವನು, ಮುನಿಸಿಕೊಂಡವನೂ ಅವನೇ. ಎಂಥ ನ್ಯಾಯ! ಈಗ ದಸರೆ. ಚಿಕ್ಕವರು ದೊಡ್ಡವರಿಗೆ ಬನ್ನಿ ಕೊಟ್ಟು ಕಾಲು ಮುಟ್ಟಬೇಕು. ಬನ್ನಿ ಕೈಗೆ ಬಂತೆಂದರೆ ಎಂಥ ಜಗಳವಿದ್ದರೂ ಮಾತಾಡಲೇಬೇಕು. ನಾನು ಕೊಡುವವನಲ್ಲ. ನಾಳೆಯಿಂದ ಅಂಗಡಿಯಲ್ಲೇ ಮಲಗುತ್ತೇನೆಂದು ಮಾಲೀಕನಿಗೆ ಹೇಳಿಯೂ ಆಗಿತ್ತು.

"ಸುಲ್ತಾನ್ ಬಜಾರದಾಗ ಬನ್ನಿ ಬಂದೈತಿ, ತಗೊಂಡು ಬಾ ಗುರ್ಯಾ," ಎಂದಳು ಅವ್ವ.

"ನಿನ್ನ ಸಾಹೇಬ ಮಗನ್ನ ಕಳಸು."

"ಸಾಹೇಬಗ ಗದ್ದಲ ಆಗಿಬರಂಗಿಲ್ಲ. ನಿನಗ ಗದ್ದಲ ಅಂದ್ರ ಜೀವ. ಹೋಗು."

ಸೈಕಲ್ ಹತ್ತಿದೆ. ಬಜಾರಿನಲ್ಲಿ ಇಳಿಯಲೇ ಇಲ್ಲ. ತುಳಿಯುತ್ತಿದ್ದದ್ದು ನಾನಲ್ಲ, ನನ್ನ ಸಿಟ್ಟು. ಮನೆಗಳು ಮುಗಿದವು. ಮಾದಾಪುರದ ಬಂಡೆಗಳ ನಡುವೆ ಡಾಂಬರು ಹೋಗಿ ಮಣ್ಣಿನ ದಾರಿ ಬಂದಾಗ ಕಾಲು ತಾನಾಗಿ ನಿಧಾನವಾಯಿತು.

ಅಲ್ಲಿ ಏನೋ ಬದಲಾಗಿತ್ತು. ಮಳೆ ಯಾರಿಗೂ ಹೇಳದೆ ಹೊರಟುಹೋಗಿತ್ತು. ಆಕಾಶ ಇನ್ನಷ್ಟು ಮೇಲಕ್ಕೆ ಸರಿದಿತ್ತು. ಬಿಸಿಲು ಚುಚ್ಚುತ್ತಿರಲಿಲ್ಲ, ಎಣ್ಣೆಯ ಹಾಗೆ ಬಂಡೆಗಳ ಮೇಲೆ ಇಳಿಯುತ್ತಿತ್ತು. ದಾರಿಯುದ್ದಕ್ಕೂ ತಂಗಡಿ ಹೂವಿನ ಹಳದಿ, ಅದರಾಚೆ ಜೋಳದ ಹೊಲ. ಹೊಂಡದ ನೀರು ಕೆಸರನ್ನು ಕೆಳಗೆ ಬಿಟ್ಟು ತಿಳಿಯಾಗಿತ್ತು. ಮೇಲೆ ಏರೋಪ್ಲೇನ್ ಚಿಟ್ಟೆಗಳು ನಿಂತಲ್ಲೇ ನಿಂತಿದ್ದವು. ಪೊದೆಗಳಿಂದ ಸೀತಾಫಲದ ವಾಸನೆ. ಒಂದೆಳೆ ತಂಪು ಅಂಗಿಯೊಳಗೆ ಹೊಕ್ಕು ಹೋಯಿತು. ಬಂಡೆಯ ಮೇಲೆ ಮಲಗಿದೆ. ಅಣ್ಣನಿಗೆಂದು ಜೋಡಿಸಿಟ್ಟ ಬೈಗುಳಗಳನ್ನು ನೆನೆಯಲು ನೋಡಿದೆ. ಒಂದೂ ಪೂರ್ತಿ ಬರಲಿಲ್ಲ. ಹಾಳಾದ್ದು, ಸಿಟ್ಟೂ ಕೈಕೊಟ್ಟಿತು!

ಎದ್ದಾಗ ಹೊತ್ತು ವಾಲಿತ್ತು. ಎದುರಿಗೇ ಬನ್ನಿ: ಸಣ್ಣ ಸಣ್ಣ ಎಲೆ, ನಡುವೆ ಮುಳ್ಳು. ಟೊಂಗೆ ಮುರಿದು ಕ್ಯಾರಿಯರಿಗೆ ಕಟ್ಟಿದೆ.

ಮುಸ್ಸಂಜೆಗೆ ಅಣ್ಣ ಹೊಸ ಧೋತರ ಉಟ್ಟು ಹೊಸ್ತಿಲಲ್ಲಿ ಕೂತಿದ್ದ. ಮಾತಾಡದೆ ಟೊಂಗೆ ಮುಂದೆ ಹಿಡಿದೆ. ಎಲೆ ಮುಟ್ಟಿ ನೋಡಿದ.

"ಲೇ, ಇದು ಬನ್ನಿ ಅಲ್ಲ. ಜಾಲಿ."

ಒಳಗೆ ಅಣ್ಣನ ಹೆಂಡತಿ ಶಾಮಲಾ ವೈನಿ ನಕ್ಕದ್ದು ಕೇಳಿಸಿತು. ಅಣ್ಣ ಊರ ಹೊಲದಲ್ಲಿ ಬೆಳೆದವನು. ನಾನು ಹುಟ್ಟಿದ್ದೇ ಕೋಠಿಯಲ್ಲಿ. ಬಜಾರಿನಲ್ಲಿ ಮಾರುವ ಎಲೆ ಬಿಟ್ಟರೆ ಗಿಡ ಯಾವತ್ತು ಕಂಡಿದ್ದೆ? ಕಿವಿ ಕಾದವು. ತಿರುಗಿ ಹೊರಟೆ.

"ನಿಂದ್ರಲೇ! ಎಲ್ಲಿಂದ ತಂದಿ?"

"ಮಾದಾಪುರದಿಂದ."

"ಅಷ್ಟು ದೂರ? ಸೈಕಲ್ ಮ್ಯಾಲ? ಜಾಲಿ ತರಾಕ?" ಅವನ ಮೀಸೆ ಅಲುಗಿತು. ಟೊಂಗೆಯನ್ನು ಕೈಗೆ ತೆಗೆದುಕೊಂಡು ಕೇಳಿದ, "ಜ್ವಾಳ ಎಷ್ಟೆತ್ತರ ಬಂದಾವು?"

ಎದೆಯ ಮಟ್ಟಕ್ಕೆ ಕೈ ಹಿಡಿದೆ.

"ತೆನಿ?"

"ನೋಡಲಿಲ್ಲ."

"ಮತ್ತೇನ್ ನೋಡಿದ್ಯೋ ಮಂಗ್ಯಾ!" ಎಂದು ಜಾಲಿ ಎಲೆಗಳನ್ನೇ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡ. ಪಕ್ಕಕ್ಕೆ ಸರಿದು ಜಾಗ ಬಿಟ್ಟ. "ಕೂಡು. ಕಂಡದ್ದನ್ನರ ಹೇಳು."

ಕಾಲು ಮುಟ್ಟಲಿಲ್ಲ ನಾನು. ಕೂತೆ. ಅವ್ವ ಊಟಕ್ಕೆ ಕರೆದಾಗಲೂ ಹೇಳುತ್ತಲೇ ಇದ್ದೆ. ಅಂಗಡಿಯಲ್ಲಿ ಮಲಗುವ ಮಾತೊಂದನ್ನು ಮಾತ್ರ ಹೇಳಲಿಲ್ಲ.